ತೇಲುವ ಚುಕ್ಕೆ

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋದರೆ ಗೊತ್ತಾಗುತ್ತದೆ, ಹತ್ತಿರ ದೂರಗಳ ಅಂದಾಜಿಗೆ ಎರಡು ಕಣ್ಣೂ ಬೇಕು. ವಿಮಾನದಿಂದ ತೆಗೆದ ಫೋಟೋಗಳನ್ನು ಅಳೆದು ನಕಾಶೆ ಬರೆಯುವ ವಿದ್ಯೆ ನಿಂತಿರುವುದೂ ಇದರ ಮೇಲೆಯೇ. ಎರಡು ಜಾಗಗಳಿಂದ ತೆಗೆದ ಒಂದೇ ಬೆಟ್ಟದ ಚಿತ್ರಗಳನ್ನು ಎರಡು ಕಣ್ಣಿಗೆ ಬೇರೆ ಬೇರೆಯಾಗಿ ತೋರಿಸಿದರೆ ಬೆಟ್ಟ ಎದ್ದು ನಿಲ್ಲುತ್ತದೆ.

ವಿಮಾನ ಇನ್ನೂ ಹಾರದಿದ್ದ 1901ರಲ್ಲೇ ಜರ್ಮನಿಯ ಝೈಸ್ ಕಂಪನಿಯ ಕಾರ್ಲ್ ಪುಲ್‌ಫ್ರಿಷ್ ಸ್ಟೀರಿಯೋಕಂಪರೇಟರ್ ಎಂಬ ಉಪಕರಣವನ್ನು ಮುಂದಿಟ್ಟ. ಅದರ ಎರಡು ಕಣ್ಣುಮಸೂರಗಳಲ್ಲೂ ಒಂದೊಂದು ಗುರುತು. ನೋಡುವವನಿಗೆ ಅವೆರಡೂ ಕೂಡಿ ಗಾಳಿಯಲ್ಲಿ ತೇಲುವ ಒಂದೇ ಚುಕ್ಕೆ. ತಿರುಪು ತಿರುಗಿಸಿ ಅದನ್ನು ನೆಲಕ್ಕೆ ತಾಗಿಸಿದರೆ ಎತ್ತರ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಪುಲ್‌ಫ್ರಿಷ್ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ. ತಾನೇ ತೇಲಿಸಿದ ಚುಕ್ಕೆ ಮತ್ತೆ ಅವನಿಗೆ ಕಾಣಲಿಲ್ಲ.

ಆಸ್ಟ್ರಿಯಾದ ಸೈನ್ಯಾಧಿಕಾರಿ ಎಡ್ವರ್ಡ್ ಫಾನ್ ಓರೆಲ್ ಈ ಉಪಕರಣಕ್ಕೆ ಸರಳು, ಸನ್ನೆಗಳನ್ನು ಜೋಡಿಸಿದ. ಚುಕ್ಕೆಯನ್ನು ಒಂದೇ ಎತ್ತರದಲ್ಲಿಟ್ಟು ನೆಲದ ಮೇಲೆ ನಡೆಸಿದರೆ ಪಕ್ಕದ ಹಾಳೆಯಲ್ಲಿ ಪೆನ್ಸಿಲ್ ಸಮೋನ್ನತಿ ರೇಖೆ ಎಳೆಯುತ್ತಿತ್ತು. ಮುಂದೆ ವೈಮಾನಿಕ ಚಿತ್ರಗಳಿಗೂ ಇಂಥ ಯಂತ್ರಗಳು ಬಂದವು. ಆದರೆ ಬೆಳಕಿನ ಕಿರಣದ ದಾರಿಯನ್ನು ಉಕ್ಕಿನ ಸರಳು ಅನುಕರಿಸಬೇಕು. ಕ್ಯಾಮೆರಾದ ರಚನೆ ಬೇರೆಯಾದರೆ ಯಂತ್ರ ಸೋಲುತ್ತಿತ್ತು.

ಫಿನ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ಬಂದಿದ್ದ ಉನೋ ಹೆಲಾವಾ 1957ರಲ್ಲಿ ಕೇಳಿದ್ದು ಸರಳವಾದ ಪ್ರಶ್ನೆ: ಸರಳುಗಳೇ ಏಕೆ ಬೇಕು? ಕಿರಣದ ದಾರಿ ಒಂದು ಗಣಿತ ಸೂತ್ರ. ಅದನ್ನು ಕಂಪ್ಯೂಟರ್ ಲೆಕ್ಕ ಹಾಕಲಿ, ಮೋಟಾರುಗಳು ಚಿತ್ರಗಳನ್ನು ಸರಿಸಲಿ. ಅಂದಿನ ಕಂಪ್ಯೂಟರುಗಳ ಬೆಲೆ ಕೇಳಿದವರಿಗೆ ಇದು ಕನಸಿನ ಮಾತು. ಕೈಹಿಡಿದದ್ದು ಅಮೆರಿಕದ ವಾಯುಪಡೆ. ಅದರ ಬೇಹುಗಾರಿಕೆಯ ಕ್ಯಾಮೆರಾಗಳ ವಿಚಿತ್ರ ಚಿತ್ರಗಳು ಸರಳುಗಳಿಗೆ ಬಗ್ಗುತ್ತಿರಲಿಲ್ಲ. ನಾಗರಿಕ ನಕಾಶೆಗಾರರ ಮೇಜಿಗೆ ಈ ಯಂತ್ರ ವ್ಯಾಪಕವಾಗಿ ಬರಲು ಮತ್ತೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಹೆಲಾವಾ ಲೆಕ್ಕವನ್ನು ಯಂತ್ರಕ್ಕೆ ಕೊಟ್ಟರೆ, ಅದೇ ದಶಕದಲ್ಲಿ ಕೆನಡಾದವನೇ ಆದ ಗಿಲ್ಬರ್ಟ್ ಹೋಬ್ರೋ ನೋಟವನ್ನೇ ಕೊಡಲು ಹೊರಟ. ಅವನ ಸಾಧನದಲ್ಲಿ ಬೆಳಕಿನ ಬಿಂದುವೊಂದು ಎರಡೂ ಚಿತ್ರಗಳ ಮೇಲೆ ಓಡಾಡಿ, ಕಪ್ಪು ಬಿಳುಪುಗಳ ಏರಿಳಿತವನ್ನು ವಿದ್ಯುತ್ ಸಂಕೇತವಾಗಿಸುತ್ತಿತ್ತು. ಎರಡು ಸಂಕೇತಗಳು ಹೊಂದುವವರೆಗೆ ಯಂತ್ರ ತಾನೇ ಸರಿದಾಡಿ ಎತ್ತರ ಹೇಳುತ್ತಿತ್ತು.

ತೊಡಕು ಕಂಡದ್ದು ಕಾಡಿನಲ್ಲಿ. ಯಂತ್ರಕ್ಕೆ ಕಾಣುವುದು ಮರದ ತುದಿ. ನಕಾಶೆಗೆ ಬೇಕಾದದ್ದು ಬುಡದ ನೆಲ. ಮೂವತ್ತು ಮೀಟರ್ ಎತ್ತರದ ಮರಗಳಿದ್ದರೆ ಬಯಲೂ ಮೂವತ್ತು ಮೀಟರ್ ದಿಣ್ಣೆಯಾಗುತ್ತದೆ. ಆ ನಕಾಶೆ ನಂಬಿ ಯಾರಾದರೂ ಕಾಲುವೆ ತೋಡಬೇಕು! ಪಳಗಿದ ಮನುಷ್ಯ ಎಲೆಗಳ ಸಂದಿಯಲ್ಲಿ ಇಣುಕಿ, ಅಲ್ಲೊಂದು ಇಲ್ಲೊಂದು ನೆಲದ ತುಣುಕು ಹುಡುಕಿ ಚುಕ್ಕೆ ಇಳಿಸುತ್ತಿದ್ದ.

ಇಂದು ಸಾಫ್ಟ್‌ವೇರ್ ಲಕ್ಷಾಂತರ ಬಿಂದುಗಳನ್ನು ತಾನೇ ಹೊಂದಿಸುತ್ತದೆ. ಆದರೂ ವಿಶೇಷ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತು, ಯಂತ್ರ ಮರದ ಮೇಲೆ ಬಿಟ್ಟುಹೋದ ಚುಕ್ಕೆಯನ್ನು ನೆಲಕ್ಕೆ ಇಳಿಸುವವರು ಈಗಲೂ ಇದ್ದಾರೆ.