ಹಿಂದಿರುಗಿ ಬಂದ ಕಡತ

ರಾಷ್ಟ್ರಪತಿ ಎಂದರೆ ರಬ್ಬರ್ ಸ್ಟಾಂಪ್ ಎಂಬ ಮಾತನ್ನು ಪೌರನೀತಿಯ ತರಗತಿಯಲ್ಲಿ ನಿಮ್ಮಲ್ಲಿ ಅನೇಕರು ನನ್ನೆದುರು ಆಡಿದ್ದುಂಟು. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಅರಿಯಲು ಕೆ. ಆರ್. ನಾರಾಯಣನ್ ಅವರ ಜೀವನವನ್ನು ಓದಬೇಕು. ನಿವೃತ್ತಿಯ ಬಳಿಕ ಅವರ ಭಾಷಣಗಳನ್ನೂ ಆ ಕಾಲದ ಪತ್ರಿಕಾ ವರದಿಗಳನ್ನೂ ಬಿಡುವಾಗಿ ಓದಿದಾಗ ನನಗೆ ಮನವರಿಕೆಯಾದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೇರಳದ ಉಳವೂರಿನ ಬಡ ದಲಿತ ಕುಟುಂಬದಲ್ಲಿ ಜನಿಸಿದ ಅವರು ಮೈಲಿಗಟ್ಟಲೆ ನಡೆದು ಶಾಲೆ ಕಲಿತವರು. ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ ಲಂಡನ್ನಿಗೆ ತೆರಳಿ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾದರು. 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿ, 1997ರಲ್ಲಿ ರಾಷ್ಟ್ರಪತಿಗಳಾದರು.

ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿಗಳು ನಡೆಯಬೇಕೆಂದು 1976ರ 42ನೆಯ ತಿದ್ದುಪಡಿ ವಿಧಿಸಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶವನ್ನು 1978ರ 44ನೆಯ ತಿದ್ದುಪಡಿ ನೀಡಿತು. ಈ ಸಣ್ಣ ಅಧಿಕಾರದ ಬೆಲೆಯನ್ನು ನಾರಾಯಣನ್ ತೋರಿಸಿಕೊಟ್ಟರು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡುವಂತೆ ಗುಜ್ರಾಲ್ ಸಂಪುಟ ಶಿಫಾರಸು ಮಾಡಿದಾಗ ಕಡತವನ್ನು ಹಿಂದಿರುಗಿಸಿದರು. 1998ರ ಸೆಪ್ಟೆಂಬರಿನಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರದ ವಿಷಯದಲ್ಲಿ ವಾಜಪೇಯಿ ಸಂಪುಟಕ್ಕೂ ಹಾಗೆಯೇ ಮಾಡಿದರು. ಮೊದಲ ಸಲ ಉಳಿದದ್ದು ಭಾರತೀಯ ಜನತಾ ಪಕ್ಷದ ಸರ್ಕಾರ, ಎರಡನೆಯ ಸಲ ಅದರ ವಿರೋಧಿಗಳದು. ಪಕ್ಷಪಾತದ ಮಾತಿಗೆ ಇಲ್ಲಿ ಎಡೆಯೆಲ್ಲಿ?

ಈ ನಿರ್ಧಾರಗಳಿಗೆ ನೆಲ ಹದಗೊಳಿಸಿದ್ದು ನಮ್ಮ ನಾಡಿನಿಂದ ಹೊರಟ ಮೊಕದ್ದಮೆ ಎಂಬುದು ಗಮನಾರ್ಹ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಗಿತ್ತು. ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ತೀರ್ಪಿತ್ತಿತು.

ಆದರೆ ನಾರಾಯಣನ್ ತಮ್ಮ ಮೇರೆಯನ್ನೂ ಮೀರಲಿಲ್ಲ. ಬಿಹಾರದಲ್ಲಿ ದಲಿತರ ಹತ್ಯಾಕಾಂಡಗಳು ನಡೆದ ಮೇಲೆ, 1999ರ ಫೆಬ್ರವರಿಯಲ್ಲಿ ಸಂಪುಟ ಮತ್ತೆ ಅದೇ ಶಿಫಾರಸು ಮಾಡಿದಾಗ ಸಹಿ ಹಾಕಿದರು. ರಾಜ್ಯಸಭೆಯಲ್ಲಿ ಬೆಂಬಲ ದೊರೆಯದೆಂದು ಕಂಡು ಮುಂದಿನ ತಿಂಗಳಲ್ಲೇ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು.

ನಾರಾಯಣನ್ 2005ರಲ್ಲಿ ನಿಧನರಾದರು. ಆಳುವವರನ್ನು ಇನ್ನೊಮ್ಮೆ ಯೋಚಿಸುವಂತೆ ಮಾಡುವುದೂ ಆಳ್ವಿಕೆಯ ಒಂದು ಭಾಗವೇ ಎಂಬುದು ಅವರ ಬದುಕಿನ ಪಾಠವೆಂದು ನಾನು ಭಾವಿಸುತ್ತೇನೆ. ಸಂವಿಧಾನದ 74 ಮತ್ತು 356ನೆಯ ವಿಧಿಗಳನ್ನು ನಿಮ್ಮ ಮಕ್ಕಳೊಡನೆ ಕುಳಿತು ಒಮ್ಮೆ ಓದಿರಿ. ರಬ್ಬರ್ ಸ್ಟಾಂಪಿನ ಮಾತನ್ನು ಆಮೇಲೆ ಆಡೋಣ.