ಸುಂಕದ ಕಟ್ಟೆಯಲ್ಲಿ ಸುಧಾರಣೆ

ಬಂದರಿನಲ್ಲಿ ಇಳಿದ ಸರಕು ಸುಂಕದ ಲೆಕ್ಕಾಚಾರ, ತಪಾಸಣೆಗಳು ಮುಗಿಯುವವರೆಗೆ ಹೊರಬರುವಂತಿಲ್ಲ. ತಡವಾದಷ್ಟೂ ಗೋದಾಮಿನ ಬಾಡಿಗೆ, ಡೆಮರೇಜ್ ಏರುತ್ತವೆ. ಕಚ್ಚಾವಸ್ತುವಿಗಾಗಿ ಕಾದು ಕುಳಿತ ಸಣ್ಣ ಕೈಗಾರಿಕೆಗೆ ಈ ವಿಳಂಬವೇ ಮತ್ತೊಂದು ಸುಂಕ.

ಭಾರತದಲ್ಲಿ ಈ ವ್ಯವಹಾರಕ್ಕೆ 1962ರ ಕಸ್ಟಮ್ಸ್ ಕಾಯ್ದೆಯೇ ಆಧಾರ. ಎಲ್ಲ ಸರಕನ್ನೂ ಬಿಚ್ಚಿ ನೋಡುವ ಬದಲು, ಸಂಶಯಕ್ಕೆ ಎಡೆಯಿರುವುದನ್ನು ಮಾತ್ರ ಗಣಕಯಂತ್ರದ ನೆರವಿನಿಂದ ಆರಿಸುವ ಅಪಾಯ ನಿರ್ವಹಣಾ ವ್ಯವಸ್ಥೆ 2005ರಲ್ಲಿ ಬಂದಿತು. ಆಮದುದಾರನೇ ಸುಂಕವನ್ನು ಲೆಕ್ಕಹಾಕಿ ಘೋಷಿಸುವ ಪದ್ಧತಿ 2011ರಲ್ಲಿ ಜಾರಿಯಾಯಿತು. ಆಹಾರ ಸುರಕ್ಷತೆ, ಔಷಧ ನಿಯಂತ್ರಣ, ಸಸ್ಯರೋಗ ತಡೆ ಮೊದಲಾದ ಇಲಾಖೆಗಳ ಅನುಮತಿಯನ್ನು ಒಂದೇ ಕಡೆ ಕೋರುವ ಏಕಗವಾಕ್ಷಿ ವ್ಯವಸ್ಥೆ 2016ರ ಏಪ್ರಿಲ್ 1ರಂದು ಆರಂಭವಾಯಿತು. ಅದೇ ತಿಂಗಳು ಭಾರತವು ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸೌಲಭ್ಯ ಒಪ್ಪಂದವನ್ನು ಅಂಗೀಕರಿಸಿತು. ಒಪ್ಪಂದವು 2017ರ ಫೆಬ್ರವರಿ 22ರಂದು ಜಾರಿಗೆ ಬಂದಿತು.

2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಯಂತ್ರೋಪಕರಣ ಹಾಗೂ ವಿದ್ಯುತ್ ಉಪಕರಣಗಳ ಆಮದಿಗೆ ಮುಖರಹಿತ ಸುಂಕ ನಿರ್ಧರಣೆ ಮೊದಲುಗೊಂಡಿತು. ಸರಕು ಒಂದೂರಿಗೆ ಬಂದರೂ ದಾಖಲೆಯನ್ನು ಬೇರೊಂದು ಊರಿನ ಅಧಿಕಾರಿ ಪರಿಶೀಲಿಸಬಹುದು. ಆತನಿಗೂ ಆಮದುದಾರನಿಗೂ ಮುಖಾಮುಖಿ ಇಲ್ಲ. ಆ ವರ್ಷದ ಅಕ್ಟೋಬರ್ ಅಂತ್ಯದ ವೇಳೆಗೆ ಇದು ದೇಶವ್ಯಾಪಿಯಾಯಿತು.

ಆದರೆ ವೇಗವೊಂದೇ ಗುರಿಯಲ್ಲ. ಬೆಲೆ ತಗ್ಗಿಸಿ ತೋರಿಸುವವರು, ಕಳ್ಳಸಾಗಣೆದಾರರು ಇದೇ ದಾರಿಯಲ್ಲಿ ನುಸುಳಬಲ್ಲರು. ಆದ್ದರಿಂದ ಸರಕು ಬಿಡುಗಡೆಯಾದ ಮೇಲೂ ಆಮದುದಾರನ ಲೆಕ್ಕಪತ್ರಗಳನ್ನು ಪರಿಶೋಧಿಸುವ ಅಧಿಕಾರವನ್ನು ಕಾಯ್ದೆಯು ಇಲಾಖೆಗೆ ನೀಡಿದೆ. ಪ್ರಾಮಾಣಿಕರಿಗೆ ತ್ವರಿತ ಬಿಡುಗಡೆ, ವಂಚಕರಿಗೆ ಬಿಗಿ ತಪಾಸಣೆ: ಇವೆರಡರ ಸಮತೋಲನದಲ್ಲಿಯೇ ಸುಧಾರಣೆಯ ಯಶಸ್ಸು ಅಡಗಿದೆ.