ಸಿಂಪ್ಯೂಟರ್: ಅಕ್ಷರ ಬಾರದವರಿಗಾಗಿ ಒಂದು ಗಣಕ



ನಿಮ್ಮಲ್ಲಿ ಅನೇಕರು ಸಾಫ್ಟ್‌ವೇರ್ ಕಂಪನಿಗಳಲ್ಲಿಯೂ ಕೆಲವರು ಸಂಶೋಧನಾ ಸಂಸ್ಥೆಗಳಲ್ಲಿಯೂ ದುಡಿಯುತ್ತಿದ್ದೀರಿ. ಈ ಎರಡು ಲೋಕಗಳು ನಮ್ಮ ಬೆಂಗಳೂರಿನಲ್ಲಿ ಒಮ್ಮೆ ಕೂಡಿ ಮಾಡಿದ ಕೆಲಸವೊಂದನ್ನು ಇಂದಿನ ತರುಣರು ಅಷ್ಟಾಗಿ ಅರಿಯರೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

1998ರಲ್ಲಿ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮೇಳದ ಅಂಗವಾಗಿ ನಡೆದ ವಿಚಾರ ಸಂಕಿರಣದಲ್ಲಿ, ಗಣಕದ ಪ್ರಯೋಜನ ಹಳ್ಳಿಯ ಬಡವನಿಗೆ ದೊರಕುವ ಬಗೆ ಹೇಗೆಂಬ ಚರ್ಚೆಯಾಯಿತು. ಅದರ ಫಲವೇ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಹಾಗೂ ವಿ. ವಿನಯ್ ಅವರು, ವಿನಯ್ ದೇಶಪಾಂಡೆಯವರ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡಗೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಯಂತ್ರದ ವಿನ್ಯಾಸ ಟ್ರಸ್ಟಿನದು. ಪರವಾನಗಿ ಪಡೆದು ಯಾರು ಬೇಕಾದರೂ ತಯಾರಿಸಬಹುದಿತ್ತು. ವಿದ್ಯೆಯನ್ನು ಬಚ್ಚಿಡದ ಈ ಏರ್ಪಾಡು ಮೇಷ್ಟರಾದ ನನಗೆ ಬಹಳ ಹಿಡಿಸಿತು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಹೊರಬಂದಿತು. ಅಂಗೈಯಗಲದ ಗಣಕ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ. ಕೀಲಿಮಣೆಯಿಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿದರಾಯಿತು. ಗುರಿಯಿಟ್ಟಿದ್ದ ಬೆಲೆ ಸುಮಾರು 9,000 ರೂಪಾಯಿ.

ಆದರೆ ಇದರ ಹಿರಿಮೆ ಬೇರೆಡೆ ಇದೆ. ಸಾಕ್ಷರತಾ ಆಂದೋಲನದ ದಿನಗಳಲ್ಲಿ ನಾನು ಸಂಜೆಯ ತರಗತಿ ನಡೆಸುತ್ತಿದ್ದಾಗ, ತಮ್ಮದೇ ಜಮೀನಿನ ಪಹಣಿಯನ್ನು ಇನ್ನೊಬ್ಬರಿಂದ ಓದಿಸಿಕೊಂಡು, ಓದಿದವನು ಹೇಳಿದ್ದನ್ನೇ ನಂಬಬೇಕಾಗಿದ್ದ ರೈತರನ್ನು ಕಂಡಿದ್ದೇನೆ. ಅಂಥವರ ಮುಂದೆ ಅಕ್ಷರ ತುಂಬಿದ ಪರದೆ ಹಿಡಿದು ಏನು ಫಲ? ಆದುದರಿಂದ ಬರೆದುದನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಕನ್ನಡವೂ ಅದರಲ್ಲಿತ್ತು. ಇನ್ನು ಬೆಲೆಯ ಮಾತು. ಒಂಬತ್ತು ಸಾವಿರವೂ ಕೂಲಿಯವನಿಗೆ ಹೊರೆಯೇ. ಹಾಗಾಗಿ ಯಂತ್ರ ಊರಿಗೊಂದು, ಸ್ಮಾರ್ಟ್ ಕಾರ್ಡ್ ಮಾತ್ರ ತಲೆಗೊಂದು ಎಂದು ಯೋಚಿಸಿದರು. ಅವರವರ ವಿವರ ಅವರವರ ಕಾರ್ಡಿನಲ್ಲಿ.

ತಯಾರಿಕೆಗೆ ಬಂಡವಾಳ ಕೂಡಿಬರುವುದು ತಡವಾಯಿತು. ಪ್ರಾಧ್ಯಾಪಕರೇ ಪಿಕೋಪೆಟಾ ಎಂಬ ಕಂಪನಿ ಕಟ್ಟಿದರು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗತೊಡಗಿತ್ತು. ಮಾರಾಟವಾದುವು ಕೆಲವೇ ಸಾವಿರ. ಪತ್ರಿಕೆಗಳು ಇದನ್ನು ಸೋಲೆಂದು ಬರೆದುವು. ನನಗನಿಸುವುದು ಬೇರೆ. ಪ್ರಾಧ್ಯಾಪಕರಿಗೆ ಭಾಷೆಯ ಗಣಿತ ಗೊತ್ತಿತ್ತು, ಕಂಪನಿಯವರಿಗೆ ಯಂತ್ರ ಕಟ್ಟುವುದು ಗೊತ್ತಿತ್ತು. ಆದರೆ ಹಳ್ಳಿಗಳಿಗಾಗಿ ಒಟ್ಟಾಗಿ ಕೊಳ್ಳಬಲ್ಲ ಮೂರನೆಯವರು, ಅಂದರೆ ಸರ್ಕಾರಗಳು, ಸಾಕಷ್ಟು ದೊಡ್ಡ ಪ್ರಮಾಣದಲ್ಲಿ ಮುಂದೆ ಬರಲಿಲ್ಲ. ಊರಿಗೊಂದು ಯಂತ್ರವೆಂದ ಮೇಲೆ ಅದನ್ನು ಬಿಡಿಯಾಗಿ ಕೊಳ್ಳುವವರಾರು?

‘ಧ್ವನಿ’ ಮಾತ್ರ ಯಂತ್ರದೊಡನೆ ಮುಗಿಯಲಿಲ್ಲ. ಮುಕ್ತ ತಂತ್ರಾಂಶವಾಗಿದ್ದುದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು, ಮಲಯಾಳವೂ ಸೇರಿದಂತೆ ಇನ್ನೂ ಹಲವು ಭಾಷೆಗಳಿಗೆ ವಿಸ್ತರಿಸಿದರು.